ದೇಹದೊಳಗಿನ ನೀರುಗಂಟಿ

ಮಕ್ಕಳೇ, ನೀವೆಲ್ಲ ಕಂಡಿರುವ, ಆದರೆ ಯಾರೂ ಅಷ್ಟಾಗಿ ಮಾತನಾಡದ ಒಂದು ಸಂಗತಿಯಿಂದ ಶುರು ಮಾಡೋಣ. ಏಪ್ರಿಲ್ ತಿಂಗಳ ಉರಿಬಿಸಿಲು. ರಾಯಚೂರಿನ ಹುಡುಗನೊಬ್ಬ ದಿನವಿಡೀ ಆಡಿ, ಬೆವರಿ, ಸಂಜೆ ಮನೆಗೆ ಬರುತ್ತಾನೆ. ಬೆಳಗಿನಿಂದ ಅವನು ಮೂತ್ರ ಮಾಡಿದ್ದು ಎರಡೋ ಮೂರೋ ಸಲ. ಅದೂ ಸ್ವಲ್ಪವೇ. ಬಣ್ಣ ಕಡು ಹಳದಿ. ಅದೇ ಹುಡುಗ ಜುಲೈ ತಿಂಗಳಲ್ಲಿ ಆಗುಂಬೆಯ ಹತ್ತಿರದ ನೆಂಟರ ಮನೆಗೆ ಹೋಗುತ್ತಾನೆ. ಹೊರಗೆ ಬಿಡದೆ ಸುರಿಯುವ ಮಳೆ. ಬೆವರಿನ ಮಾತೇ ಇಲ್ಲ. ಕುಡಿಯುವ ನೀರು ರಾಯಚೂರಿನಲ್ಲಿ ಕುಡಿದದ್ದಕ್ಕಿಂತ ಕಡಿಮೆಯೇ. ಆದರೂ ಗಂಟೆ ಗಂಟೆಗೂ ಎದ್ದು ಹೋಗಬೇಕು. ಮೂತ್ರ ನೀರಿನಷ್ಟೇ ತಿಳಿ!

ಬೇಸಿಗೆಯಲ್ಲಿ ನೀರನ್ನು ಹಿಡಿದಿಡಬೇಕು, ಮಳೆಗಾಲದಲ್ಲಿ ಬಿಟ್ಟುಬಿಡಬಹುದು ಎಂದು ತೀರ್ಮಾನ ಮಾಡಿದವರು ಯಾರು? ಹುಡುಗನಂತೂ ಅಲ್ಲ. ಅವನಿಗೆ ಆಟದ ಮೇಲೆ ಗಮನ.

ನಮ್ಮ ನಾಡಿನ ಕೆರೆಗಳಿಗೆ ಹಿಂದೆ ನೀರುಗಂಟಿ ಎಂಬವನೊಬ್ಬ ಇರುತ್ತಿದ್ದ. ಕೋಲಾರ, ತುಮಕೂರು ಕಡೆಯ ಹಳ್ಳಿಗಳಲ್ಲಿ ಹಿರಿಯರನ್ನು ಕೇಳಿ ನೋಡಿ, ಅವನ ಬಗ್ಗೆ ಹೇಳುತ್ತಾರೆ. ಕೆರೆಯಲ್ಲಿ ಎಷ್ಟು ನೀರಿದೆ ಎಂದು ನೋಡಿ ತೂಬನ್ನು ಎಷ್ಟು ಎತ್ತಬೇಕು, ಯಾವಾಗ ಮುಚ್ಚಬೇಕು ಎಂದು ನಿರ್ಧರಿಸುವುದು ಅವನ ಕೆಲಸ. ಮಳೆ ಕಡಿಮೆಯಾದ ವರ್ಷ ಅವನು ಬಿಗಿ. ಕೋಡಿ ಬಿದ್ದ ವರ್ಷ ಧಾರಾಳ. ನಮ್ಮ ದೇಹದಲ್ಲಿಯೂ ಇಂತಹ ಒಬ್ಬ ನೀರುಗಂಟಿ ಇದ್ದಾನೆ. ಅವನು ಮನುಷ್ಯನಲ್ಲ, ಒಂದು ರಾಸಾಯನಿಕ ವಸ್ತು. ಹೆಸರು ವ್ಯಾಸೊಪ್ರೆಸಿನ್. ಮೂತ್ರವನ್ನು ಕಡಿಮೆ ಮಾಡುವುದರಿಂದ ಅದಕ್ಕೆ ಎ.ಡಿ.ಎಚ್. ಎಂಬ ಇನ್ನೊಂದು ಹೆಸರೂ ಇದೆ.

ಕೆರೆ ಎಷ್ಟು ದೊಡ್ಡದು?

ನಮ್ಮ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ. 30 ಕಿಲೋಗ್ರಾಂ ತೂಗುವ ಮಗುವಿನ ದೇಹದಲ್ಲಿ ಸುಮಾರು 18 ಲೀಟರು ನೀರು ಇರುತ್ತದೆ. ರಕ್ತದಲ್ಲಿ, ಜೀವಕೋಶಗಳ ಒಳಗೆ, ಅವುಗಳ ನಡುವಿನ ಸಂದುಗಳಲ್ಲಿ ಅದು ಹಂಚಿಹೋಗಿದೆ. ಉಸಿರಿನಲ್ಲಿ, ಬೆವರಿನಲ್ಲಿ, ಮಲದಲ್ಲಿ ನೀರು ಪ್ರತಿದಿನ ಹೋಗುತ್ತಲೇ ಇರುತ್ತದೆ. ಇವುಗಳ ಮೇಲೆ ನೀರುಗಂಟಿಗೆ ಹಿಡಿತ ಇಲ್ಲ. ಅವನ ಕೈಯಲ್ಲಿರುವುದು ಒಂದೇ ತೂಬು. ಅದು ಮೂತ್ರಪಿಂಡದಲ್ಲಿದೆ.

ನಿಮ್ಮ ಬೆನ್ನಿನ ಎರಡೂ ಬದಿಯಲ್ಲಿ, ಕೊನೆಯ ಪಕ್ಕೆಲುಬುಗಳ ಮಟ್ಟದಲ್ಲಿ, ಅವರೆ ಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ದೊಡ್ಡವರಲ್ಲಿ ಒಂದೊಂದೂ ಸುಮಾರು 150 ಗ್ರಾಂ ತೂಗುತ್ತದೆ. ಪ್ರತಿಯೊಂದರಲ್ಲಿಯೂ ಸುಮಾರು 10 ಲಕ್ಷ ನೆಫ್ರಾನುಗಳೆಂಬ ಸೂಕ್ಷ್ಮ ನಳಿಕೆಗಳು. ರಕ್ತ ಇಲ್ಲಿಗೆ ಬಂದಾಗ ಅದರ ನೀರು, ಉಪ್ಪು, ಸಕ್ಕರೆ, ಕಸ ಎಲ್ಲವೂ ಮೊದಲು ಸೋಸಿಕೊಂಡು ನಳಿಕೆಯೊಳಗೆ ಇಳಿಯುತ್ತವೆ. ರಕ್ತಕಣಗಳು ಮತ್ತು ದೊಡ್ಡ ಪ್ರೋಟೀನುಗಳು ಮಾತ್ರ ರಕ್ತದಲ್ಲಿಯೇ ಉಳಿಯುತ್ತವೆ. ಹೀಗೆ ದೊಡ್ಡವರಲ್ಲಿ ದಿನಕ್ಕೆ ಸೋಸಿ ಇಳಿಯುವ ದ್ರವ ಎಷ್ಟು ಗೊತ್ತೆ? ಸುಮಾರು 180 ಲೀಟರು! 15 ಲೀಟರಿನ ಬಕೆಟ್ಟುಗಳಲ್ಲಿ ತುಂಬಿಸಿದರೆ 12 ಬಕೆಟ್ಟು.

ನಾವು ದಿನಕ್ಕೆ 12 ಬಕೆಟ್ಟು ಮೂತ್ರ ಮಾಡುವುದಿಲ್ಲವಲ್ಲ? ಮಾಡುವುದು ಒಂದೂವರೆ ಲೀಟರಿನಷ್ಟು. ಉಳಿದದ್ದೆಲ್ಲ ನಳಿಕೆಯ ಗೋಡೆಯ ಮೂಲಕ ಮತ್ತೆ ರಕ್ತಕ್ಕೆ ಸೇರುತ್ತದೆ. ಬೇಕಾದ ಸಕ್ಕರೆ, ಉಪ್ಪು ಕೂಡ ಹಿಂತಿರುಗುತ್ತವೆ. ಮನೆ ಗುಡಿಸುವಾಗ ಸಾಮಾನುಗಳನ್ನೆಲ್ಲ ಅಂಗಳಕ್ಕೆ ಹಾಕಿ, ಬೇಕಾದದ್ದನ್ನು ಮಾತ್ರ ಒಳಗೆ ತಂದಿಟ್ಟುಕೊಂಡ ಹಾಗೆ. ಈ 180 ಲೀಟರುಗಳ ಬಹುಪಾಲು ಯಾರ ಅಪ್ಪಣೆಗೂ ಕಾಯದೆ ತಾನಾಗಿಯೇ ಹಿಂತಿರುಗುತ್ತದೆ. ಕೊನೆಗೆ ಉಳಿಯುವುದು ಸುಮಾರು 20 ಲೀಟರು. ಇದನ್ನು ಉಳಿಸಿಕೊಳ್ಳಬೇಕೋ ಹರಿಯಬಿಡಬೇಕೋ ಎಂಬುದು ನಳಿಕೆಗಳ ಕೊನೆಯ ಭಾಗದಲ್ಲಿ ತೀರ್ಮಾನವಾಗುತ್ತದೆ. ನೀರುಗಂಟಿಯ ತೂಬು ಇರುವುದು ಅಲ್ಲಿಯೇ. ಈ 20 ಲೀಟರಿನ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೋಸಂಬರಿ ಹೇಳುವ ಗುಟ್ಟು

ನೀರು ಕಡಿಮೆಯಾಗಿದೆ ಎಂದು ದೇಹಕ್ಕೆ ತಿಳಿಯುವುದು ಹೇಗೆ? ನಮ್ಮೊಳಗೆ ಅಳತೆಪಟ್ಟಿ ಇಟ್ಟ ತೊಟ್ಟಿಯಂತೂ ಇಲ್ಲ. ಇದಕ್ಕೆ ಉತ್ತರ ನಿಮ್ಮ ಅಡುಗೆಮನೆಯಲ್ಲಿದೆ.

ಹಬ್ಬದ ದಿನ ಕೋಸಂಬರಿ ಮಾಡುವಾಗ ಅಮ್ಮ ಉಪ್ಪನ್ನು ಯಾವಾಗ ಹಾಕುತ್ತಾರೆ ಗಮನಿಸಿ. ಎಲ್ಲ ಮುಗಿದ ಮೇಲೆ, ಇನ್ನೇನು ಬಡಿಸಬೇಕು ಎನ್ನುವಾಗ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಂಡು ಕೋಸಂಬರಿ ನೀರುನೀರಾಗುತ್ತದೆ. ಹೊರಗೆ ಉಪ್ಪು ಹೆಚ್ಚಾದಾಗ ಸೌತೆಯ ಜೀವಕೋಶಗಳ ಒಳಗಿನ ನೀರು ಉಪ್ಪಿನ ಕಡೆಗೆ ಹೊರಬರುತ್ತದೆ. ಕೋಶಗಳು ಕುಗ್ಗುತ್ತವೆ. ಹೋಳು ಮೆತ್ತಗಾಗುತ್ತದೆ. ಇದನ್ನು ವಿಜ್ಞಾನಿಗಳು ಅಭಿಸರಣೆ ಎನ್ನುತ್ತಾರೆ.

ಬೆವರು ಸುರಿದು ದೇಹದ ನೀರು ಕಡಿಮೆಯಾದಾಗ ರಕ್ತ ಸ್ವಲ್ಪ ಮಂದವಾಗುತ್ತದೆ, ಅಂದರೆ ಇದ್ದ ನೀರಿನಲ್ಲಿ ಉಪ್ಪಿನ ಪಾಲು ಹೆಚ್ಚುತ್ತದೆ. ಮಿದುಳಿನ ತಳಭಾಗದಲ್ಲಿ ಹೈಪೋಥಾಲಮಸ್ ಎಂಬ ಪುಟ್ಟ ಜಾಗವಿದೆ. ಅಲ್ಲಿರುವ ಕೆಲವು ವಿಶೇಷ ಜೀವಕೋಶಗಳು ಉಪ್ಪು ಹಾಕಿದ ಸೌತೆಯ ಕೋಶಗಳಂತೆಯೇ ಒಂದಿಷ್ಟು ಕುಗ್ಗುತ್ತವೆ. ಕುಗ್ಗಿದ್ದೇ ಸೂಚನೆ. ರಕ್ತದ ಸಾಂದ್ರತೆ ನೂರಕ್ಕೆ ಒಂದು ಪಾಲು ಏರಿದರೂ ಸಾಕು, ಅವು ಎಚ್ಚೆತ್ತುಕೊಳ್ಳುತ್ತವೆ. ಅಂಗಡಿಯ ತಕ್ಕಡಿಯಲ್ಲಿ ಇಷ್ಟು ಸಣ್ಣ ವ್ಯತ್ಯಾಸ ನಿಮ್ಮ ಕಣ್ಣಿಗೆ ಬೀಳುವುದು ಕಷ್ಟ.

ಹೈಪೋಥಾಲಮಸ್‌ನಲ್ಲಿಯೇ ವ್ಯಾಸೊಪ್ರೆಸಿನ್ ತಯಾರಾಗುತ್ತದೆ. ಅಲ್ಲಿಂದ ನರಗಳ ಎಳೆಗಳ ಮೂಲಕ ಇಳಿದು, ಕೆಳಗೆ ತೂಗಾಡುವ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಸಂಗ್ರಹವಾಗಿರುತ್ತದೆ. ಸೂಚನೆ ಬಂದ ಕೂಡಲೆ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಹೀಗೆ ಒಂದು ಕಡೆ ತಯಾರಾಗಿ, ರಕ್ತದಲ್ಲಿ ಪ್ರಯಾಣಿಸಿ, ದೂರದ ಇನ್ನೊಂದು ಅಂಗಕ್ಕೆ ಕೆಲಸ ಹೇಳುವ ವಸ್ತುಗಳಿಗೆ ಹಾರ್ಮೋನು ಎನ್ನುತ್ತಾರೆ. ಇಂಗ್ಲೆಂಡಿನ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 1905ರಲ್ಲಿ ಈ ಪದವನ್ನು ಬಳಕೆಗೆ ತಂದ. ಗ್ರೀಕ್ ಭಾಷೆಯಲ್ಲಿ ಅದರ ಮೂಲಕ್ಕೆ ‘ಪ್ರಚೋದಿಸು’ ಎಂಬ ಅರ್ಥವಿದೆ. ಕನ್ನಡದಲ್ಲಿ ಚೋದಕ ದ್ರವ್ಯ ಎಂದು ಕರೆಯುವುದೂ ಇದರಿಂದಲೇ.

ಮಿದುಳು ರಕ್ತದ ಉಪ್ಪನ್ನು ಅಳೆಯುತ್ತದೆ ಎಂಬುದನ್ನು ತೋರಿಸಿಕೊಟ್ಟವನು ಅರ್ನೆಸ್ಟ್ ವರ್ನಿ. ಕೇಂಬ್ರಿಜ್‌ನಲ್ಲಿದ್ದ ಈತ ನಾಯಿಗಳಿಗೆ ನೀರು ಕುಡಿಸಿ ಮೂತ್ರ ಚೆನ್ನಾಗಿ ಹರಿಯುವಂತೆ ಮಾಡಿದ. ಆಮೇಲೆ ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ರಕ್ತನಾಳಕ್ಕೆ ಸ್ವಲ್ಪ ಉಪ್ಪುನೀರು ಸೇರಿಸಿದ. ಮೂತ್ರ ಸರ್ರನೆ ಕಡಿಮೆಯಾಯಿತು. ಪಿಟ್ಯುಟರಿಯ ಹಿಂಭಾಗವನ್ನು ತೆಗೆದುಹಾಕಿದ ನಾಯಿಗಳಲ್ಲಿ ಮಾತ್ರ ಹೀಗಾಗಲಿಲ್ಲ. 1947ರಲ್ಲಿ ಅವನು ಈ ಪ್ರಯೋಗಗಳ ವಿವರವನ್ನು ಪ್ರಕಟಿಸಿದ. ಉಪ್ಪು ತಾಗಿದ್ದು ಮೂತ್ರಪಿಂಡಕ್ಕಲ್ಲ, ಮಿದುಳಿಗೆ. ಆದರೂ ತೂಬು ಮುಚ್ಚಿದ್ದು ಮೂತ್ರಪಿಂಡದಲ್ಲಿ. ನಡುವೆ ಸುದ್ದಿ ಒಯ್ದವನೇ ನಮ್ಮ ನೀರುಗಂಟಿ.

ಸಾಂದ್ರತೆ ಇನ್ನೂ ಸ್ವಲ್ಪ ಏರಿದರೆ ಹೈಪೋಥಾಲಮಸ್ ಎರಡನೆಯ ಸೂಚನೆಯನ್ನೂ ಕೊಡುತ್ತದೆ. ಅದೇ ಬಾಯಾರಿಕೆ. ಅಂದರೆ ನಿಮಗೆ ಬಾಯಾರಿಕೆ ತಿಳಿಯುವ ಹೊತ್ತಿಗೆ ಮೂತ್ರಪಿಂಡಗಳು ಆಗಲೇ ನೀರನ್ನು ಉಳಿಸತೊಡಗಿರುತ್ತವೆ.

ತೂಬು ಮುಚ್ಚುವ ಬಗೆ

ವ್ಯಾಸೊಪ್ರೆಸಿನ್ ಅಣು ಬಹಳ ಚಿಕ್ಕದು. ಕೇವಲ 9 ಅಮೈನೊ ಆಮ್ಲಗಳ ಒಂದು ಪುಟ್ಟ ಸರ. ಅಮೆರಿಕದ ರಸಾಯನ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೂ ಇದರ ರಚನೆಯನ್ನು ಬಿಡಿಸಿ, ಪ್ರಯೋಗಾಲಯದಲ್ಲಿಯೇ ಇದನ್ನು ತಯಾರಿಸಿ ತೋರಿಸಿದ. ಈ ಬಗೆಯ ಹಾರ್ಮೋನುಗಳನ್ನು ಕುರಿತ ಕೆಲಸಕ್ಕೆ 1955ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು.

ಈ ಅಣು ಮೂತ್ರಪಿಂಡದ ನಳಿಕೆಯ ಕೊನೆಯ ಭಾಗಕ್ಕೆ ಬಂದು ಅಲ್ಲಿನ ಜೀವಕೋಶಗಳನ್ನು ತಟ್ಟುತ್ತದೆ. ಆ ಕೋಶಗಳ ಒಳಗೆ ನೀರು ಮಾತ್ರ ದಾಟಬಲ್ಲ ಅತಿ ಸೂಕ್ಷ್ಮ ಕಿಂಡಿಗಳು ಸಿದ್ಧವಾಗಿ ಕುಳಿತಿರುತ್ತವೆ. ಇವು ಪ್ರೋಟೀನಿನಿಂದ ಆದವು. ಹೆಸರು ಆಕ್ವಾಪೊರಿನ್. ಹಾರ್ಮೋನು ತಟ್ಟಿದೊಡನೆ ಕಿಂಡಿಗಳು ಕೋಶದ ಅಂಚಿಗೆ ಬಂದು ಗೋಡೆಯಲ್ಲಿ ಕೂರುತ್ತವೆ. ನಳಿಕೆಯ ಸುತ್ತಲಿನ ಜಾಗ ತುಂಬ ಉಪ್ಪಾಗಿರುವುದರಿಂದ, ಸೌತೆಕಾಯಿಯಿಂದ ನೀರು ಬಂದ ಹಾಗೆ, ಮೂತ್ರದ ನೀರು ಕಿಂಡಿಗಳ ಮೂಲಕ ಆಚೆ ಹರಿದು ರಕ್ತಕ್ಕೆ ಸೇರುತ್ತದೆ. ಉಳಿಯುವ ಮೂತ್ರ ಸ್ವಲ್ಪ, ಗಾಢ ಹಳದಿ. ನೀವು ಎರಡು ಲೋಟ ನೀರು ಕುಡಿದಿರಿ ಅನ್ನಿ. ರಕ್ತ ತೆಳುವಾಗುತ್ತದೆ. ಹಾರ್ಮೋನು ಬರುವುದು ನಿಲ್ಲುತ್ತದೆ. ಕಿಂಡಿಗಳು ಮತ್ತೆ ಕೋಶದೊಳಕ್ಕೆ ಸರಿಯುತ್ತವೆ. ನೀರು ಹಿಂತಿರುಗಲು ದಾರಿಯಿಲ್ಲದೆ ಮೂತ್ರವಾಗಿ ಹೊರಟುಹೋಗುತ್ತದೆ.

ನೀರಿಗೆಂದೇ ಕಿಂಡಿಗಳಿರಬೇಕು ಎಂದು ಬಹುಕಾಲದಿಂದ ಊಹೆ ಇತ್ತು. ಆದರೆ ಅವು ಕೈಗೆ ಸಿಕ್ಕಿರಲಿಲ್ಲ. ಅಮೆರಿಕದ ಪೀಟರ್ ಆಗ್ರೆ ಬೇರೆ ಏನನ್ನೋ ಹುಡುಕುತ್ತಿದ್ದಾಗ ರಕ್ತಕಣಗಳಲ್ಲಿ ಒಂದು ಗುರುತಿಲ್ಲದ ಪ್ರೋಟೀನು ಸಿಕ್ಕಿತು. ಅದನ್ನು ಕಪ್ಪೆಯ ಮೊಟ್ಟೆಗಳಲ್ಲಿ ತಯಾರಾಗುವಂತೆ ಮಾಡಿ, ಆ ಮೊಟ್ಟೆಗಳನ್ನು ತೆಳು ದ್ರವದಲ್ಲಿ ಹಾಕಿದಾಗ ಅವು ನೀರು ಹೀರಿ ಊದಿ ಒಡೆದವು! ಸಾಮಾನ್ಯ ಮೊಟ್ಟೆಗಳಿಗೆ ಏನೂ ಆಗಲಿಲ್ಲ. ಅದು 1992ರ ಮಾತು. 2003ರಲ್ಲಿ ಅವನಿಗೂ ನೊಬೆಲ್ ಪ್ರಶಸ್ತಿ ದೊರೆಯಿತು.

ನೀರಿನ ಲೆಕ್ಕದಲ್ಲಿ ವ್ಯಾಸೊಪ್ರೆಸಿನ್ ಒಂದೇ ಅಲ್ಲ, ಇನ್ನೂ ಕೆಲವು ಹಾರ್ಮೋನುಗಳಿಗೆ ಕೈಯಿದೆ. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಆಲ್ಡೊಸ್ಟಿರೋನ್ ಎಂಬುದನ್ನು ಸ್ರವಿಸುತ್ತವೆ. ಅದು ಉಪ್ಪನ್ನು ಉಳಿಸುತ್ತದೆ. ಉಪ್ಪಿನ ಹಿಂದೆ ನೀರೂ ಉಳಿಯುತ್ತದೆ. ಈ ಗ್ರಂಥಿ ಹಾಳಾದವರಿಗೆ ಉಪ್ಪು ತಿನ್ನುವ ಆಸೆ ಹೆಚ್ಚುವುದುಂಟು. ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ ಕಾಯಿಲೆ ಇದು. ನಮ್ಮ ಹೃದಯ ಕೂಡ ಒಂದು ಹಾರ್ಮೋನನ್ನು ತಯಾರಿಸುತ್ತದೆ ಎಂದರೆ ನಂಬುತ್ತೀರಾ? ರಕ್ತ ಹೆಚ್ಚಾಗಿ ಹೃದಯದ ಮೇಲಿನ ಕೋಣೆಗಳು ಹಿಗ್ಗಿದಾಗ ‘ಸಾಕು, ಉಪ್ಪನ್ನೂ ನೀರನ್ನೂ ಹೊರಗೆ ಬಿಡು’ ಎಂದು ಅದು ಮೂತ್ರಪಿಂಡಕ್ಕೆ ಹೇಳುತ್ತದೆ. ಇದು ಗೊತ್ತಾದದ್ದು 1981ರಲ್ಲಿ. ಅಲ್ಲಿಯವರೆಗೆ ಹೃದಯವೆಂದರೆ ಬರೀ ಪಂಪು ಎಂದೇ ಎಲ್ಲರ ಎಣಿಕೆ.

ನೀರುಗಂಟಿ ಇಲ್ಲದ ಕೆರೆ

ತೂಬನ್ನು ಮುಚ್ಚುವವನೇ ಇಲ್ಲದಿದ್ದರೆ ಏನಾಗುತ್ತದೆ? ಆಗ ನಾವು ನೆನಪಿಟ್ಟುಕೊಂಡ ಆ 20 ಲೀಟರು ಉಳಿಯದೆ ಹರಿದುಹೋಗುತ್ತದೆ.

ಅಪರೂಪಕ್ಕೆ ಕೆಲವರಲ್ಲಿ ಹೀಗೆಯೇ ಆಗುತ್ತದೆ. ತಲೆಗೆ ಬಲವಾದ ಪೆಟ್ಟು ಬಿದ್ದೋ, ಪಿಟ್ಯುಟರಿಯ ಹತ್ತಿರ ಗಡ್ಡೆ ಬೆಳೆದೋ, ಕೆಲವೊಮ್ಮೆ ಹುಟ್ಟಿನಿಂದಲೋ, ವ್ಯಾಸೊಪ್ರೆಸಿನ್ ತಯಾರಿಕೆ ನಿಂತುಹೋಗುತ್ತದೆ. ಇನ್ನು ಕೆಲವರಲ್ಲಿ ಹಾರ್ಮೋನು ಬೇಕಾದಷ್ಟಿರುತ್ತದೆ, ಆದರೆ ಮೂತ್ರಪಿಂಡಕ್ಕೆ ಅದರ ಮಾತು ಕೇಳಿಸುವುದಿಲ್ಲ. ಇಂತಹವರು ದಿನಕ್ಕೆ ಮೂರು ಲೀಟರಿನಿಂದ ಹಿಡಿದು, ತೀವ್ರವಾದಾಗ ಇಪ್ಪತ್ತು ಲೀಟರಿನವರೆಗೂ ಮೂತ್ರ ಮಾಡುತ್ತಾರೆ. ಹೋದಷ್ಟನ್ನೂ ಕುಡಿದು ತುಂಬಿಸಿಕೊಳ್ಳಬೇಕು. ರಾತ್ರಿ ನಿದ್ದೆಯಿಲ್ಲ. ಹಾಸಿಗೆಯ ಪಕ್ಕದಲ್ಲಿ ಕೊಡ ಇರಲೇಬೇಕು. ನೀರು ಸಿಗದ ಕಡೆ ಸಿಕ್ಕಿಬಿದ್ದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ.

ಈ ಕಾಯಿಲೆಗೆ ಬಹುಕಾಲ ಡಯಾಬಿಟಿಸ್ ಇನ್ಸಿಪಿಡಸ್ ಎಂಬ ಹೆಸರಿತ್ತು. ಇನ್ಸಿಪಿಡಸ್ ಎಂದರೆ ಲ್ಯಾಟಿನ್ನಿನಲ್ಲಿ ರುಚಿಯಿಲ್ಲದ್ದು, ಸಪ್ಪೆ. ಯಾಕೆ ಈ ಹೆಸರು ಎನ್ನುತ್ತೀರಾ? ಹಿಂದಿನ ಕಾಲದ ವೈದ್ಯರಿಗೆ ಪ್ರಯೋಗಾಲಯಗಳಿರಲಿಲ್ಲ. ಮೂತ್ರದ ರುಚಿ ನೋಡಿಯೇ ರೋಗ ಗುರುತಿಸುತ್ತಿದ್ದವರೂ ಇದ್ದರು! ಸಕ್ಕರೆ ಕಾಯಿಲೆಯವರ ಮೂತ್ರ ಸಿಹಿ, ಇವರದ್ದು ಸಪ್ಪೆ. ಆದರೆ ಎರಡರ ಹೆಸರಿನಲ್ಲಿಯೂ ಡಯಾಬಿಟಿಸ್ ಇದ್ದುದರಿಂದ ಗೊಂದಲ ತಪ್ಪಲಿಲ್ಲ. ಆಸ್ಪತ್ರೆಯ ಸಿಬ್ಬಂದಿಯೇ ಇದನ್ನು ಸಕ್ಕರೆ ಕಾಯಿಲೆ ಎಂದು ತಿಳಿದು, ಬೇಕಾದ ಹಾರ್ಮೋನು ಔಷಧಿಯನ್ನು ಕೊಡದೆ ರೋಗಿಗಳು ಪ್ರಾಣಾಪಾಯಕ್ಕೆ ಸಿಕ್ಕ ಪ್ರಸಂಗಗಳು ನಡೆದವು. ಆದ್ದರಿಂದ 2022ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ ಹಳೆಯ ಹೆಸರನ್ನು ಬಿಟ್ಟು, ವ್ಯಾಸೊಪ್ರೆಸಿನ್ ಕೊರತೆ ಮತ್ತು ವ್ಯಾಸೊಪ್ರೆಸಿನ್‌ಗೆ ಸ್ಪಂದಿಸದಿರುವಿಕೆ ಎಂಬ ಅರ್ಥದ ಎರಡು ಹೊಸ ಹೆಸರುಗಳನ್ನು ಸೂಚಿಸಿದರು. ಹೆಸರಿನಲ್ಲೇನಿದೆ ಎನ್ನುತ್ತೇವೆ. ಕೆಲವೊಮ್ಮೆ ಪ್ರಾಣವೇ ಇರುತ್ತದೆ.

ಕೊರತೆಯಿದ್ದವರಿಗೆ ಹಾರ್ಮೋನನ್ನು ಹೊರಗಿನಿಂದ ಕೊಡಬಹುದು. ಪ್ರಾಣಿಗಳ ಪಿಟ್ಯುಟರಿಯಿಂದ ತೆಗೆದ ಸಾರವನ್ನು ಚುಚ್ಚಿದರೆ ಮೂತ್ರ ಕಡಿಮೆಯಾಗುತ್ತದೆಂದು 1913ರಲ್ಲಿ ಜರ್ಮನಿ ಮತ್ತು ಇಟಲಿಯ ಇಬ್ಬರು ವೈದ್ಯರು ಬೇರೆಬೇರೆಯಾಗಿ ಕಂಡುಕೊಂಡರು. ಆಮೇಲೆ ಗ್ರಂಥಿಯ ಪುಡಿಯನ್ನು ನಶ್ಯದಂತೆ ಮೂಗಿಗೆ ಏರಿಸುವ ಕಾಲವೂ ಇತ್ತು. 1970ರ ದಶಕದಿಂದ ಡೆಸ್ಮೊಪ್ರೆಸಿನ್ ಎಂಬ ಔಷಧಿ ಬಳಕೆಯಲ್ಲಿದೆ. ಅದು ವ್ಯಾಸೊಪ್ರೆಸಿನ್ ಅಣುವನ್ನೇ ಸ್ವಲ್ಪ ಬದಲಿಸಿ ಮಾಡಿದ್ದು. ನಮ್ಮ ದೇಹದ ವ್ಯಾಸೊಪ್ರೆಸಿನ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ, ಇದಾದರೋ ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಮಾತ್ರೆಯಾಗಿ ನುಂಗಬಹುದು, ಮೂಗಿಗೆ ಸಿಂಪಡಿಸಿಕೊಳ್ಳಬಹುದು. ಅದನ್ನು ಸರಿಯಾಗಿ ತೆಗೆದುಕೊಳ್ಳುವ ಮಗು ಎಲ್ಲರಂತೆ ಶಾಲೆಗೆ ಬರಬಹುದು, ರಾತ್ರಿ ನಿದ್ದೆ ಮಾಡಬಹುದು.

ಇರುವೆ ಮುತ್ತುವ ಮೂತ್ರ

ಈಗ ಸಿಹಿಯ ವಿಷಯ. ಇದು ಹೆಚ್ಚು ಜನರಿಗೆ ಬರುವಂಥದು, ಮಕ್ಕಳಿಗೂ ಬರುತ್ತದೆ. ಆದ್ದರಿಂದ ಸ್ವಲ್ಪ ಗಮನವಿಟ್ಟು ಓದಿ.

ಪ್ರಾಚೀನ ಭಾರತದ ವೈದ್ಯರು ಈ ಕಾಯಿಲೆಗೆ ಮಧುಮೇಹ ಎಂದು ಹೆಸರಿಟ್ಟರು. ಮಧು ಎಂದರೆ ಜೇನು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಅವರು ಗಮನಿಸಿದ್ದರು. ಇಲ್ಲಿ ನಮ್ಮ ನೀರುಗಂಟಿಯ ತಪ್ಪೇನೂ ಇಲ್ಲ. ಇನ್ಸುಲಿನ್ ಎಂಬ ಬೇರೆಯೇ ಹಾರ್ಮೋನು ಸಾಲದೆ, ಸಕ್ಕರೆ ಜೀವಕೋಶಗಳೊಳಗೆ ಹೋಗಲಾರದೆ ರಕ್ತದಲ್ಲಿಯೇ ಉಳಿಯುತ್ತದೆ. ಅದು ಮಿತಿಮೀರಿದಾಗ ಮೂತ್ರಪಿಂಡಕ್ಕೆ ಅಷ್ಟನ್ನೂ ಹಿಂದಕ್ಕೆ ಎಳೆದುಕೊಳ್ಳಲು ಸಾಧ್ಯವಾಗುವುದಿಲ್ಲ. ಮೂತ್ರದಲ್ಲಿ ಉಳಿದ ಸಕ್ಕರೆ ನೀರನ್ನು ತನ್ನೊಡನೆ ಹಿಡಿದಿಟ್ಟುಕೊಳ್ಳುತ್ತದೆ. ತೂಬು ಮುಚ್ಚಿದರೂ ನೀರು ಸಕ್ಕರೆಯ ಜೊತೆ ಹೊರಟೇ ಹೋಗುತ್ತದೆ. ಹಾಗಾಗಿ ಪದೇ ಪದೇ ಮೂತ್ರ, ಅದರಿಂದ ಬಾಯಾರಿಕೆ.

ಮಕ್ಕಳಲ್ಲಿ ಈ ಕಾಯಿಲೆ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳಬಹುದು. ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ. ಸುಸ್ತು. ಎಷ್ಟು ನೀರು ಕುಡಿದರೂ ಸಾಲದು. ತರಗತಿಯಲ್ಲಿ ಮತ್ತೆ ಮತ್ತೆ ‘ಸಾರ್, ಹೋಗಿ ಬರಲಾ?’ ಎಂದು ಕೇಳುತ್ತಾರೆ. ಹಾಸಿಗೆ ಒದ್ದೆ ಮಾಡುವುದನ್ನು ವರ್ಷಗಳ ಹಿಂದೆಯೇ ಬಿಟ್ಟಿದ್ದ ಮಗು ಮತ್ತೆ ಶುರು ಮಾಡಬಹುದು. ಇಂತಹ ಗೆಳೆಯನನ್ನು ಕಂಡರೆ ಪಾಠ ತಪ್ಪಿಸಲು ಹೊರಗೆ ಹೋಗುತ್ತಾನೆ ಎಂದು ನಗಬೇಡಿ. ಟೀಚರಿಗೆ ಹೇಳಿ. ಟೀಚರುಗಳೂ ಗದರಿಸುವ ಮೊದಲು ಒಂದು ಕ್ಷಣ ಯೋಚಿಸಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಿಂದ ಕೆಲವೇ ಸೆಕೆಂಡುಗಳಲ್ಲಿ ಸಕ್ಕರೆಯನ್ನು ಅಳೆಯಬಹುದು. ಇದನ್ನು ಅದೇ ದಿನ ಮಾಡಿಸಬೇಕು, ಮುಂದಿನ ವಾರ ನೋಡೋಣ ಎನ್ನುವಂಥದ್ದಲ್ಲ. ತಡವಾದರೆ ವಾಂತಿ, ಹೊಟ್ಟೆನೋವು, ಏದುಸಿರು ಬಂದು ಮಗು ಪ್ರಜ್ಞೆ ತಪ್ಪಬಹುದು. 1922ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನ್ ಚುಚ್ಚುಮದ್ದು ಕೊಡುವವರೆಗೆ ಇಂತಹ ಮಕ್ಕಳು ಬದುಕುವ ಭರವಸೆಯೇ ಇರಲಿಲ್ಲ. ಈಗ ಪ್ರತಿದಿನ ಇನ್ಸುಲಿನ್ ತೆಗೆದುಕೊಂಡು ಓದಿ, ಆಡಿ, ದೊಡ್ಡವರಾಗಿ, ಮುದುಕರೂ ಆಗುತ್ತಾರೆ.

ರಾತ್ರಿಯ ಪಾಳಿ

ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಹೋಗುವ ನಾವು ರಾತ್ರಿ ಎಂಟು ಗಂಟೆ ಎಚ್ಚರವಿಲ್ಲದೆ ಮಲಗುವುದು ಹೇಗೆ? ರಾತ್ರಿ ವ್ಯಾಸೊಪ್ರೆಸಿನ್ ಹೆಚ್ಚು ಬಿಡುಗಡೆಯಾಗಿ ಮೂತ್ರ ಕಡಿಮೆಯಾಗುತ್ತದೆ. ಬೆಳಗಿನ ಮೊದಲ ಮೂತ್ರ ಹಳದಿಯಾಗಿರುವುದೂ ಇದೇ ಕಾರಣಕ್ಕೆ.

ಕೆಲವು ಮಕ್ಕಳಲ್ಲಿ ಈ ರಾತ್ರಿಯ ಏರಿಕೆ ಇನ್ನೂ ಸರಿಯಾಗಿ ಶುರುವಾಗಿರುವುದಿಲ್ಲ. ಜೊತೆಗೆ ಗಾಢ ನಿದ್ದೆ. ಮೂತ್ರಕೋಶ ತುಂಬಿದರೂ ಎಚ್ಚರವಾಗುವುದಿಲ್ಲ. ಹಾಸಿಗೆ ಒದ್ದೆಯಾಗುತ್ತದೆ. ಏಳು ವರ್ಷದ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಹೀಗಾಗುತ್ತದೆ. ಅಂದರೆ ನಿಮ್ಮ ಶಾಲೆಯಲ್ಲಿಯೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರು ಯಾರಿಗೂ ಹೇಳಿರುವುದಿಲ್ಲ, ಅಷ್ಟೆ. ಸೋಮಾರಿತನ, ಹಟ ಎಂದು ಬೈಯುವುದು, ಹೊಡೆಯುವುದು, ನೆಂಟರ ಮುಂದೆ ಹೇಳಿ ನಗುವುದು ಹಲವು ಮನೆಗಳಲ್ಲಿದೆ. ನಿದ್ದೆಯಲ್ಲಿ ಹಾರ್ಮೋನಿನ ಪ್ರಮಾಣವನ್ನು ಹೆಚ್ಚಿಸಿಕೊಳ್ಳಲು ಯಾವ ಮಗುವಿಗೂ ಸಾಧ್ಯವಿಲ್ಲ. ಹೊಡೆತದಿಂದ ಗ್ರಂಥಿ ಕೆಲಸ ಕಲಿಯುವುದಿಲ್ಲ. ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತಾ ತಾನಾಗಿಯೇ ಸರಿಹೋಗುತ್ತದೆ. ಹೋಗದಿದ್ದರೆ ವೈದ್ಯರ ಬಳಿ ದಾರಿಗಳಿವೆ. ಮೇಲೆ ಹೇಳಿದ ಡೆಸ್ಮೊಪ್ರೆಸಿನ್ ಅದರಲ್ಲೊಂದು.

ಉಳಿಸಬಲ್ಲದು, ತಯಾರಿಸಲಾರದು

ನೀರುಗಂಟಿ ಎಷ್ಟೇ ಜಾಣನಾದರೂ ಮಳೆ ತರಿಸಲಾರ. ವ್ಯಾಸೊಪ್ರೆಸಿನ್ ಕೂಡ ಇರುವ ನೀರನ್ನು ಉಳಿಸಬಲ್ಲದು, ಹೊಸದಾಗಿ ತಯಾರಿಸಲಾರದು. ಎಷ್ಟು ಬಿಗಿ ಹಿಡಿದರೂ ದೊಡ್ಡವರಲ್ಲಿ ದಿನಕ್ಕೆ ಅರ್ಧ ಲೀಟರಿನಷ್ಟು ಮೂತ್ರ ಹೋಗಲೇಬೇಕು. ಇಲ್ಲದಿದ್ದರೆ ದೇಹದ ಕಸ ಹೊರಹೋಗುವುದಿಲ್ಲ.

ಮಲ್ಪೆ, ಕಾರವಾರದ ಮೀನುಗಾರರು ಸುತ್ತಲೂ ನೀರೇ ಇದ್ದರೂ ದೋಣಿಯಲ್ಲಿ ಕುಡಿಯುವ ನೀರು ಒಯ್ಯುತ್ತಾರೆ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅಷ್ಟು ಉಪ್ಪನ್ನು ಹೊರಹಾಕಲು ನಮ್ಮ ಮೂತ್ರಪಿಂಡಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಬೇಕು. ಕುಡಿದಷ್ಟೂ ಸಾಲ ಹೆಚ್ಚು!

ಇದಕ್ಕಿಂತ ಹತ್ತಿರದ ಒಂದು ವಿಷಯ. ಶಾಲೆಯ ಶೌಚಾಲಯ ಸರಿಯಿಲ್ಲ, ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ ಎಂದು ಬೆಳಗಿನಿಂದ ಸಂಜೆವರೆಗೆ ಒಂದು ಗುಟುಕೂ ಕುಡಿಯದ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಅವರ ವ್ಯಾಸೊಪ್ರೆಸಿನ್ ದಿನವಿಡೀ ತೂಬು ಮುಚ್ಚಿಯೇ ಕುಳಿತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಪಾಠದಲ್ಲಿ ಗಮನ ನಿಲ್ಲದಿರುವುದು. ತಿಂಗಳುಗಟ್ಟಲೆ ಹೀಗೆಯೇ ನಡೆದರೆ ಮೂತ್ರನಾಳದ ಸೋಂಕು, ಮೂತ್ರಪಿಂಡದಲ್ಲಿ ಕಲ್ಲು ಬರುವ ಸಂಭವ ಹೆಚ್ಚು. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ಕರ್ನಾಟಕದಲ್ಲಿಯೂ ಮಕ್ಕಳು ನೀರು ಕುಡಿಯಲೆಂದೇ ‘ನೀರಿನ ಗಂಟೆ’ ಬಾರಿಸುವ ಕ್ರಮ ತರಲಾಯಿತು. ಒಳ್ಳೆಯದೇ. ಆದರೆ ಗಂಟೆಯ ಜೊತೆ ಚಿಲಕವೂ ಬೇಕಲ್ಲವೆ? ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಈ ಮಾತನ್ನು ಯಾರಾದರೂ ಎತ್ತಲೇಬೇಕು.

ಹಾಗೆಂದು ಪಂದ್ಯ ಕಟ್ಟಿ ಚೊಂಬುಗಟ್ಟಲೆ ನೀರು ಕುಡಿಯಬೇಡಿ. ಮೂತ್ರಪಿಂಡಗಳು ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟನ್ನು ಹೊರಹಾಕಬಲ್ಲವು. ಅದಕ್ಕಿಂತ ಹೆಚ್ಚಾದರೆ ರಕ್ತದ ಉಪ್ಪು ತೆಳುವಾಗಿ, ನೀರು ಮಿದುಳಿನ ಕೋಶಗಳಿಗೆ ನುಗ್ಗಿ ಅವು ಊದಿಕೊಳ್ಳುತ್ತವೆ. 2002ರ ಬಾಸ್ಟನ್ ಮ್ಯಾರಥಾನ್ ಓಟ ಮುಗಿಸಿದ 488 ಜನರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇರಬೇಕಾದುದಕ್ಕಿಂತ ಕಡಿಮೆ ಇತ್ತು. ಓಡುವಾಗ ದಾರಿಯುದ್ದಕ್ಕೂ ಹೆಚ್ಚು ಹೆಚ್ಚು ಕುಡಿದವರಲ್ಲಿಯೇ ಇದು ಜಾಸ್ತಿ. ಓಟದ ಶ್ರಮದಲ್ಲಿ ವ್ಯಾಸೊಪ್ರೆಸಿನ್ ಪೂರ್ತಿ ಇಳಿದಿರುವುದಿಲ್ಲ, ತೂಬು ಅರ್ಧ ಮುಚ್ಚಿಯೇ ಇರುತ್ತದೆ. ಅದರ ಮೇಲೆ ನೀರು ಸುರಿದರೆ ಕೆರೆ ಏರಿ ಒಡೆಯದೆ ಇನ್ನೇನು?

ಮಾಡಿ ನೋಡಿ

1. ಎಳೆಯ ಸೌತೆಕಾಯಿಯ ಒಂದೇ ಅಳತೆಯ ಎರಡು ಹೋಳುಗಳನ್ನು ಎರಡು ತಟ್ಟೆಗಳಲ್ಲಿ ಇಡಿ. ಒಂದಕ್ಕೆ ಒಂದು ಚಿಟಿಕೆ ಉಪ್ಪು ಉದುರಿಸಿ. ಅರ್ಧ ಗಂಟೆಯ ನಂತರ ಎರಡನ್ನೂ ಮುಟ್ಟಿ, ಬಗ್ಗಿಸಿ ನೋಡಿ. ತಟ್ಟೆಯಲ್ಲಿ ಎಷ್ಟು ನೀರಿದೆ? ಈಗ ಮೆತ್ತಗಾದ ಹೋಳನ್ನು ತೊಳೆದು ಒಂದು ಗಂಟೆ ಸಿಹಿನೀರಿನಲ್ಲಿ ಬಿಡಿ. ಏನಾಯಿತು?

2. ಒಂದು ರಜಾದಿನ ಬೆಳಗಿನಿಂದ ರಾತ್ರಿಯವರೆಗೆ ನೋಟ್ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ಒಂದರಲ್ಲಿ ನೀವು ಎಷ್ಟು ಗಂಟೆಗೆ ಎಷ್ಟು ಲೋಟ ನೀರು, ಮಜ್ಜಿಗೆ ಕುಡಿದಿರಿ ಎಂಬುದು. ಇನ್ನೊಂದರಲ್ಲಿ ಎಷ್ಟು ಗಂಟೆಗೆ ಮೂತ್ರ ಮಾಡಿದಿರಿ, ಬಣ್ಣ ತಿಳಿಯೋ, ನಿಂಬೆ ಪಾನಕದಂತೆಯೋ, ಜೇನಿನಂತೆಯೋ ಎಂಬುದು. ನಾಚಿಕೆ ಬೇಡ, ಇದೂ ವಿಜ್ಞಾನವೇ. ಬೀಟ್‌ರೂಟ್ ತಿಂದ ದಿನ ಅಥವಾ ಬಿ ಜೀವಸತ್ವದ ಮಾತ್ರೆ ನುಂಗಿದ ದಿನ ಈ ಪರೀಕ್ಷೆ ಬೇಡ, ಬಣ್ಣ ಮೋಸ ಮಾಡುತ್ತದೆ. ನೀರು ಕುಡಿದ ಎಷ್ಟು ಹೊತ್ತಿಗೆ ನಿಮ್ಮ ತೂಬು ತೆರೆಯಿತು? ಇದೇ ಲೆಕ್ಕವನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಬರೆದಿಟ್ಟು ಹೋಲಿಸಿ.